ಖಜಾಂಚಿ ಕಂಡ ಜರ್ಮನಿ

ಬುಧವಾರ: ಸ್ಟುಟ್‌ಗಾರ್ಟ್

ಬೆಂಗಳೂರಿನಿಂದ ನಡುರಾತ್ರಿ ಕಳೆದು ಹೊರಟ ವಿಮಾನ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯಿತು. ಮಂಗಳೂರಿನ ನಮ್ಮ ಕ್ರೈಸ್ತ ಸಭೆಯಿಂದ, ಜರ್ಮನಿಯಲ್ಲಿರುವ ನಮ್ಮ ಜೊತೆ ಸಭೆಯವರನ್ನು ಕಾಣಲು ಹೊರಟ ನಾವು ಆರು ಜನ. ಸಭಾಪಾಲಕ ಅಯ್ಯನವರು, ಸ್ತ್ರೀಯರ ಕೂಟದ ಇಬ್ಬರು, ಹಾಸ್ಟೆಲ್ ನೋಡಿಕೊಳ್ಳುವ ಟೀಚರ್, ಯುವಜನರ ಪೈಕಿ ಒಬ್ಬ ಹುಡುಗ, ಮತ್ತೆ ಸಭೆಯ ಖಜಾಂಚಿ ಅಂತ ನಾನು. ಹೊರಡಬೇಕಾಗಿದ್ದವರು ಎಂಟು ಜನ. ಇಬ್ಬರು ಹುಡುಗಿಯರಿಗೆ ವೀಸಾ ಸಿಗಲಿಲ್ಲ. ಜರ್ಮನಿಯ ಸಭೆಯವರು ಖರ್ಚಿನ ಹೊಣೆ ಹೊತ್ತು ಬರೆದುಕೊಟ್ಟ ಪತ್ರ ಇತ್ತು, 30,000 ಯೂರೋಗಳ ವಿಮೆ ಇತ್ತು, ಹೋಗಿ ಬರುವ ಟಿಕೆಟ್ ಇತ್ತು. ಆದರೆ ಮದುವೆ ಆಗಿಲ್ಲ, ಕೆಲಸ ಕಾಯಂ ಆಗಿಲ್ಲ, ಆಸ್ತಿ ಇಲ್ಲ. ಇಂಥವರು ವಾಪಸ್ ಬರುತ್ತಾರೆ ಅಂತ ಏನು ನಂಬಿಕೆ, ಅಷ್ಟೇ. ಅವರ ಕಡೆಯವರು ಮಂಗಳೂರಿಗೆ ಬರುವಾಗ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಇ-ವೀಸಾ ಹಾಕಿ ಬರುತ್ತಾರೆ. ಎರಡು ದೇಶದ ಸಭೆಗಳು ಸರಿಸಮ ಅಂತ ಎಷ್ಟೇ ಹೇಳಿದರೂ, ಈ ಒಂದು ಜಾಗದಲ್ಲಿ ಮಾತು ನಿಂತುಬಿಡುತ್ತದೆ.

ಕಸ್ಟಮ್ಸ್ ದಾಟುವಾಗ ಎಲ್ಲರ ಕಣ್ಣು ಸ್ತ್ರೀಯರ ಕೂಟದ ಅಕ್ಕನ ಸೂಟ್‌ಕೇಸ್ ಮೇಲೆ. ಅದರಲ್ಲಿ ತೆಂಗಿನಕಾಯಿ ಇತ್ತು. ಹಾಲು, ಮಾಂಸದ ಪದಾರ್ಥ ಯುರೋಪಿಗೆ ತರುವ ಹಾಗಿಲ್ಲ. ಹಣ್ಣು ತರಕಾರಿಗೂ ಸರ್ಟಿಫಿಕೇಟ್ ಬೇಕು. ಆದರೆ ಐದಕ್ಕೆ ಮಾತ್ರ ವಿನಾಯಿತಿ: ಅನಾನಸು, ಬಾಳೆಹಣ್ಣು, ಖರ್ಜೂರ, ಡೂರಿಯನ್ ಮತ್ತು ತೆಂಗಿನಕಾಯಿ. ಅಕ್ಕ ಇದನ್ನೆಲ್ಲ ಓದಿಕೊಂಡೇ ಕಾಯಿ ಕಟ್ಟಿದ್ದರು. ಯಾರೂ ತಡೆಯಲಿಲ್ಲ. ಏನೂ ಕೇಳದೆ ಬಿಟ್ಟರಲ್ಲ ಅಂತ ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ರೈಲಿನಲ್ಲಿ ಸ್ಟುಟ್‌ಗಾರ್ಟ್. ಮಧ್ಯಾಹ್ನ ಇಎಂಎಸ್, ಅಂದರೆ ಎರಡೂ ಕಡೆಯ ಸಭೆಗಳು ಸೇರಿರುವ ಮಿಷನ್ ಒಕ್ಕೂಟ, ಅದರ ಕಚೇರಿಯಲ್ಲಿ ಕೂತು ಕಾಫಿ ಕುಡಿದೆವು. ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಬಾಸೆಲ್ ಮಿಷನ್‌ನ ಹೆಬಿಕ್, ಲೇನರ್, ಗ್ರೈನರ್ ಮೂವರೂ 1834ರ ಅಕ್ಟೋಬರ್ 30ಕ್ಕೆ ಮಂಗಳೂರಿಗೆ ಬಂದರು. ಬಲ್ಮಠದ ಸೆಮಿನರಿ, ಪ್ರೆಸ್ಸು, ಜೆಪ್ಪುವಿನ ಹೆಂಚಿನ ಕಾರ್ಖಾನೆ, ನೇಯ್ಗೆ ಎಲ್ಲ ಅದರ ಹಿಂದೆ ಬಂದದ್ದು. ಮಿಷನ್ ಇದ್ದದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಾದರೂ, ಬಂದವರಲ್ಲಿ ಬಹಳಷ್ಟು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಕಡೆಯವರು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆಯಿತು. ಆಮೇಲೆ ನಮ್ಮದು ಕರ್ನಾಟಕ ದಕ್ಷಿಣ ಸಭಾಪ್ರಾಂತ. ಅತ್ತ ನೈಋತ್ಯ ಜರ್ಮನಿಯ ಸಭೆಗಳು 1972ರಲ್ಲಿ ಸೇರಿ ಇಎಂಎಸ್ ಕಟ್ಟಿದವು. 2012ರಲ್ಲಿ ಅದು ಹೆಸರು ಬದಲಿಸಿಕೊಂಡಿತು. ಆಫ್ರಿಕಾ, ಏಷ್ಯಾದ ಸಭೆಗಳೂ ಜರ್ಮನ್ ಸಭೆಗಳ ಹಾಗೇ ಮತ ಹಾಕುವ ಸದಸ್ಯರಾದವು.

ಇದನ್ನು ಅಲ್ಲಿಯ ಅಧಿಕಾರಿ ಹೆಮ್ಮೆಯಿಂದ ಹೇಳಿದರು. ಹೆಮ್ಮೆ ಪಡಬೇಕಾದದ್ದೇ. ಆದರೆ ಖಜಾಂಚಿ ಬುದ್ಧಿ ಸುಮ್ನಿರುತ್ತಾ? ಮತ ಎಲ್ಲರದ್ದು ಸರಿ, ದುಡ್ಡು ಯಾರದ್ದು ಅಂತ ಕೇಳಿದೆ. ಹೆಚ್ಚಿನದ್ದು ಜರ್ಮನಿಯ ಸಭೆಗಳದ್ದೇ ಅಂದರು. ಮುಚ್ಚಿಡಲಿಲ್ಲ, ಅದು ನನಗೆ ಹಿಡಿಸಿತು.

ಗುರುವಾರ: ಹಳ್ಳಿ

ನಮ್ಮ ಜೊತೆ ಸಭೆ ಇರುವುದು ಹೈಲ್‌ಬ್ರಾನ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಸುತ್ತ ಗುಡ್ಡದ ಮೇಲೆಲ್ಲ ದ್ರಾಕ್ಷಿ ತೋಟ. ಕೊಯ್ಲಿನ ಸಮಯ. ರಸ್ತೆಯಲ್ಲಿ ಟ್ರಾಕ್ಟರ್ ಹಿಂದೆ ಟ್ರಾಕ್ಟರ್, ಗಾಳಿಯಲ್ಲಿ ಹುಳಿ ಬಂದ ರಸದ ವಾಸನೆ.

ನಮ್ಮನ್ನು ಮನೆಮನೆಗೆ ಹಂಚಿದರು. ನನಗೆ ಸಿಕ್ಕಿದ್ದು ಎಂಬತ್ತೇಳು ವರ್ಷದ ಅಜ್ಜಿಯ ಮನೆ. ಹತ್ತಿರದಲ್ಲೇ ಅವರ ಮೊಮ್ಮಗಳು. ಅವಳು ಇಎಂಎಸ್‌ನ ಸ್ವಯಂಸೇವಕಿಯಾಗಿ ನಮ್ಮ ಕಡೆಯ ಒಂದು ಹಾಸ್ಟೆಲ್‌ನಲ್ಲಿ ಇದ್ದವಳು. ಬಾಗಿಲಲ್ಲೇ "ಎಂಚ ಉಲ್ಲರ್ ಆಂಟಿ", ಹೇಗಿದ್ದೀರಿ ಅಂದಳು. ಕನ್ನಡ ತಡವರಿಸಿಕೊಂಡು ಬರುತ್ತದೆ, ತುಳು ಸಲೀಸು. ಹಾಸ್ಟೆಲ್ ಅಡುಗೆಯವರ ಜೊತೆ ಕಲಿತದ್ದಂತೆ. ಮುಂದೆ ಎಲ್ಲ ದಿನ ಅವಳೇ ನಮಗೆ ದುಭಾಷಿ.

ಸಂಜೆ ಸಭಾಪಾಲಕಿಯ ಕಚೇರಿಗೆ ಹೋದೆವು. ನಲವತ್ತರ ಆಸುಪಾಸಿನ ಹೆಂಗಸು, ಸೈಕಲ್ಲಿನಲ್ಲಿ ಬಂದರು. ಮೂರು ಹಳ್ಳಿಗಳ ಸಭೆ ಅವರ ಕೈಯಲ್ಲಿದೆ. ಮೊದಲು ಒಂದೊಂದು ಹಳ್ಳಿಗೆ ಒಬ್ಬೊಬ್ಬರು ಇದ್ದರು. 2030ರ ಹೊತ್ತಿಗೆ ಸಭಾಪಾಲಕರ ಹುದ್ದೆಗಳನ್ನು ಇನ್ನಷ್ಟು ಇಳಿಸುವ ಯೋಜನೆ ವ್ಯುರ್ಟೆಂಬೆರ್ಗ್ ಸಭೆಯಲ್ಲಿ ಜಾರಿಯಲ್ಲಿದೆ.

ಅಲ್ಲಿಯ ಹಣದ ವ್ಯವಸ್ಥೆ ನಮಗೆ ಹೊಸದು. ನಮ್ಮಲ್ಲಿ ತಿಂಗಳ ವಂತಿಗೆ ಬಾಕಿ ಇದ್ದವರ ಪಟ್ಟಿ ಹಿಡಿದು ನಾನು ಫೋನ್ ಮಾಡಬೇಕು. ಅವರಲ್ಲಿ ಸರ್ಕಾರವೇ ಸಭೆಯ ತೆರಿಗೆ ವಸೂಲಿ ಮಾಡಿಕೊಡುತ್ತದೆ. ಸಭೆಯ ಸದಸ್ಯರ ಆದಾಯ ತೆರಿಗೆಯ ಮೇಲೆ ಈ ರಾಜ್ಯದಲ್ಲಿ ಶೇಕಡಾ 8, ಬವೇರಿಯಾದಲ್ಲೂ ಅಷ್ಟೇ, ಉಳಿದ ರಾಜ್ಯಗಳಲ್ಲಿ ಶೇಕಡಾ 9. ಸಂಬಳದಲ್ಲೇ ಕಡಿತವಾಗುತ್ತದೆ. ಬೇಡ ಅಂದರೆ ಸರ್ಕಾರಿ ನೋಂದಣಿ ಕಚೇರಿಗೆ ಹೋಗಿ, ಸಭೆ ಬಿಟ್ಟೆ ಅಂತ ಬರೆದುಕೊಡಬೇಕು. ಬರೆದುಕೊಡುವವರು ಜಾಸ್ತಿ ಆಗಿದ್ದಾರೆ. 2023ರ ಒಂದೇ ವರ್ಷದಲ್ಲಿ ಜರ್ಮನಿಯ ಪ್ರಾಟೆಸ್ಟೆಂಟ್ ಸಭೆಗಳನ್ನು ಬಿಟ್ಟವರು ಸುಮಾರು 3 ಲಕ್ಷ 80 ಸಾವಿರ. ವಸೂಲಿ ಇಷ್ಟು ಸುಲಭವಾಗಿರುವ ಕಡೆ ಜನ ಯಾಕೆ ನಿಲ್ಲುವುದಿಲ್ಲ ಅಂತ ನಮ್ಮ ಅಯ್ಯನವರಿಗೆ ಆಶ್ಚರ್ಯ. ನನಗೆ ಇಲ್ಲ. ತಾನಾಗಿ ಕಡಿತವಾಗುವ ದುಡ್ಡಿನ ಮೇಲೆ ಮಮತೆ ಹುಟ್ಟುವುದು ಕಷ್ಟ. ಬಾಕಿ ಇದ್ದೀರಿ ಅಂತ ಫೋನ್ ಮಾಡಿದರೆ ಬೈಯುವವರೂ ನಮ್ಮ ಸಭೆಯಲ್ಲಿದ್ದಾರೆ. ಆದರೆ ಬೈಯಲಿಕ್ಕಾದರೂ ಒಂದು ಸಂಬಂಧ ಬೇಕಲ್ವಾ?

ಹೊರಡುವಾಗ ಸಭಾಪಾಲಕಿ ಇನ್ನೊಂದು ವಿಷಯ ಹೇಳಿದರು. ಸಭಾಭವನವನ್ನು ಮಾರುವ ಮಾತುಕತೆ ನಡೆದಿದೆ. ಅದರ ಬಾಯ್ಲರ್ ಹಾಳಾಗಿದೆ, ಚಳಿಗಾಲಕ್ಕೆ ಬಿಸಿ ಇಲ್ಲ. ಹೊಸದು ಹಾಕಿಸುವಷ್ಟು ಹಣ ಇಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಹಾಸ್ಟೆಲ್‌ಗೆ ವರ್ಷವರ್ಷ ಹಣ ಕಳಿಸುವ ಸಭೆ ಇದು.

ಶುಕ್ರವಾರ: ಅಕ್ಟೋಬರ್ 3, ರಜೆ

ಎರಡು ಜರ್ಮನಿ ಒಂದಾದ ದಿನ ಅಂತ ದೇಶಕ್ಕೆಲ್ಲ ರಜೆ. ಅಂಗಡಿ ಬಂದ್. ಬೆಳಿಗ್ಗೆ ಬ್ರಾಕೆನ್‌ಹೈಮ್‌ಗೆ ಕರೆದುಕೊಂಡು ಹೋದರು. ಪುಟ್ಟ ಪೇಟೆ, ಮರದ ತೊಲೆಗಳು ಹೊರಗೆ ಕಾಣುವ ಹಳೇ ಮನೆಗಳು. ಇಲ್ಲಿ ಹುಟ್ಟಿದವರಲ್ಲಿ ಊರವರು ಮೊದಲು ಹೇಳುವ ಹೆಸರು ಥಿಯೋಡೋರ್ ಹೋಯ್ಸ್, ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರು. ನಮಗೆ ಬೇಕಾದವರು ಬೇರೆ. 1811ರಲ್ಲಿ ಇದೇ ಊರಲ್ಲಿ ಹುಟ್ಟಿದ ಬಾಸೆಲ್ ಮಿಷನರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ಕ್ಕೆ ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಜುಲೈ 1 ನಮಗೆ ಪತ್ರಿಕಾ ದಿನ ಆದದ್ದು ಅದರಿಂದಲೇ. ಹಳೇ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ್ದಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮ ಹುಡುಗ ಅಲ್ಲಿಯ ದ್ರಾಕ್ಷಿ ಅಂಗಡಿಯವನಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದ. ರಜೆಯ ದಿನವೂ ತೆರೆದಿದ್ದ ಒಂದೇ ತಳ್ಳುಗಾಡಿ ಅದು. ಅವನು ಕೇಳಿ, ಖುಷಿಯಾಗಿ, ಒಂದು ಗೊಂಚಲು ಸುಮ್ನೆ ಕೊಟ್ಟ.

ಮಧ್ಯಾಹ್ನದ ಮೇಲೆ ಅಜ್ಜಿಯ ಜೊತೆ ಅಡುಗೆಮನೆಯಲ್ಲಿ ಕೂತೆ. ಅವರು ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ಚಾಕು ಎತ್ತದೆ, ಒಂದೇ ಉದ್ದದ ಸಿಪ್ಪೆ. ಸಿಪ್ಪೆಯನ್ನೂ ಬಿಸಾಕಲಿಲ್ಲ. ಒಂದು ತಟ್ಟೆಯಲ್ಲಿ ಹರಡಿ, ಚಹಾಕ್ಕೆ ಅಂತ ಒಣಗಲು ಇಟ್ಟರು. ಅಭ್ಯಾಸ ಅಂದರು. ಆಮೇಲೆ ಕಥೆ ಶುರುವಾಯಿತು, ಮೊಮ್ಮಗಳು ತುಳು-ಕನ್ನಡ ಬೆರೆಸಿ ಹೇಳುತ್ತಾ ಹೋದಳು.

1944ರ ಡಿಸೆಂಬರ್ 4ರ ರಾತ್ರಿ ಬ್ರಿಟಿಷ್ ವಿಮಾನಗಳು ಹೈಲ್‌ಬ್ರಾನ್ ಮೇಲೆ ಬಾಂಬ್ ಹಾಕಿದವು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಅಜ್ಜಿಗೆ ಆರು ವರ್ಷ. ಈ ಹಳ್ಳಿಯಿಂದಲೇ ಆಕಾಶ ಕೆಂಪಾಗಿ ಕಂಡಿತಂತೆ. ಯುದ್ಧ ಮುಗಿದ ಮೇಲೆ ಹಸಿವು. ಶಾಲೆಯಲ್ಲಿ ವಿದೇಶದ ದಾನದ ಗಂಜಿ. ಸ್ವಿಟ್ಜರ್‌ಲೆಂಡ್, ಸ್ವೀಡನ್, ಅಮೆರಿಕದ ಸಭೆಗಳಿಂದ ಬಂದ ಬಟ್ಟೆ, ಹಿಟ್ಟು, ಹಾಲಿನ ಪುಡಿ. 1945ರಲ್ಲೇ ಜರ್ಮನ್ ಸಭೆಗಳು ಇದನ್ನು ಹಂಚಲಿಕ್ಕೆ ಒಂದು ಪರಿಹಾರ ಸಂಸ್ಥೆ ಕಟ್ಟಿದ್ದವು, ಅದರ ಕಚೇರಿ ಸ್ಟುಟ್‌ಗಾರ್ಟ್‌ನಲ್ಲೇ ಇತ್ತು. ಅಜ್ಜಿಗೆ ಸಿಕ್ಕಿದ್ದು ಒಂದು ಜೊತೆ ಕಂದು ಬೂಟು. ಎರಡು ಸೈಜ್ ದೊಡ್ಡದು, ಮುಂದೆ ಕಾಗದ ತುರುಕಿ ಹಾಕಿಕೊಂಡರಂತೆ.

"ಬೂಟು ಚೆನ್ನಾಗಿತ್ತು," ಅಂದರು. "ಕಾಗದ ಬರೆಯುವುದು ಮಾತ್ರ ಆಗುತ್ತಿರಲಿಲ್ಲ. ಯಾರು ಕಳಿಸಿದ್ದು ಅಂತಲೇ ಗೊತ್ತಿಲ್ಲ. ಪಾದ್ರಿ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದರು, ನಾವು ನೋಡಿ ಬರೆಯುತ್ತಿದ್ದೆವು. ಪ್ರೀತಿಯ ಉಪಕಾರಿಗಳೇ, ನಾನು ಒಳ್ಳೆಯ ಹುಡುಗಿಯಾಗಿರುತ್ತೇನೆ."

ನಾನು ಏನೂ ಹೇಳಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಪ್ರತಿ ನವೆಂಬರ್ ತಿಂಗಳು ನಡೆಯುವುದು ಇದೇ. ಟೀಚರ್ ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ, ಕೆಳಗೆ ಒಂದು ಹೂವಿನ ಚಿತ್ರ. ಆ ಕಾಗದಗಳ ಕಟ್ಟನ್ನು ಅಂಚೆಗೆ ಹಾಕಿಸುವವಳು ನಾನೇ.

ಜರ್ಮನಿಯ ಸಭೆಗಳು 1959ರಲ್ಲಿ 'ಬ್ರೋಟ್ ಫ್ಯೂರ್ ದೀ ವೆಲ್ಟ್' ಅಂತ ಪರದೇಶಗಳಿಗೆ ನೆರವು ಕೊಡುವ ಕೆಲಸ ಶುರು ಮಾಡಿದ್ದಕ್ಕೆ ಈ ಪಡೆದ ನೆನಪೂ ಒಂದು ಕಾರಣ. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ ಅಂದರು ಅಜ್ಜಿ. ಮೊಮ್ಮಗಳು ಇದು ತನಗೂ ಹೊಸ ಸುದ್ದಿ ಅಂತ ಒಪ್ಪಿಕೊಂಡಳು.

ಶನಿವಾರ: ಕಪಾಟು

ಅಕ್ಟೋಬರ್‌ನ ಮೊದಲ ಭಾನುವಾರ ಅವರಿಗೆ ಬೆಳೆ ಹಬ್ಬ. ಬೆಳಿಗ್ಗೆಯಿಂದಲೇ ದೇವಾಲಯಕ್ಕೆ ಜನ ಕುಂಬಳಕಾಯಿ, ಸೇಬು, ಎಲೆಕೋಸು, ಬ್ರೆಡ್ಡು, ದ್ರಾಕ್ಷಿ ಹೊತ್ತು ತಂದರು. ವೇದಿಯ ಮುಂದೆ ಜೋಡಿಸುವ ಕೆಲಸಕ್ಕೆ ನಮ್ಮ ಸ್ತ್ರೀಯರ ಕೂಟದವರೂ ಕೈ ಹಾಕಿದರು. ಭಾಷೆ ಬೇಕಾಗಲಿಲ್ಲ. ಇದು ಇಲ್ಲಿ, ಅದು ಅಲ್ಲಿ, ಆ ಕುಂಬಳಕಾಯಿ ಸೊಟ್ಟ ಇದೆ ತೆಗೀರಿ. ನಡುವಿನಲ್ಲಿ ನಮ್ಮ ತೆಂಗಿನಕಾಯಿ ಕೂತಿತು.

ಮೇಜಿನ ಬಟ್ಟೆ ಹುಡುಕಲು ಸಭಾಭವನದ ಹಳೇ ಕಪಾಟು ತೆಗೆದಾಗ ಟೀಚರ್ ಕೈಗೆ ಒಂದು ಡಬ್ಬಿ ಸಿಕ್ಕಿತು. ಮೇಲೆ ಮಂಡಿಯೂರಿ ಕೈಮುಗಿದ ಕಪ್ಪು ಹುಡುಗನ ಗೊಂಬೆ. ಬಣ್ಣ ಅಲ್ಲಲ್ಲಿ ಎದ್ದಿತ್ತು. ಸಭಾಪಾಲಕಿಯ ಮುಖ ಕೆಂಪಾಯಿತು. ಹಿಂದಿನ ಕಾಲದ ಮಿಷನ್ ಕಾಣಿಕೆ ಡಬ್ಬಿ, ಆದಿತ್ಯವಾರ ಶಾಲೆಯ ಮಕ್ಕಳಿಗಾಗಿ ಇಡುತ್ತಿದ್ದದ್ದು. ಇಂಥವು ಜರ್ಮನಿಯಲ್ಲಿ ಎಲ್ಲೆಲ್ಲೂ ಇದ್ದವು. ಬಿಸಾಡಿದರೆ ಇತಿಹಾಸ ಮುಚ್ಚಿಟ್ಟಂತೆ, ಹೊರಗಿಟ್ಟರೆ ನಾಚಿಕೆ, ಅದಕ್ಕೇ ಕಪಾಟಿನಲ್ಲಿತ್ತು ಅಂದರು. ಟೀಚರ್ ಪರ್ಸಿನಿಂದ ಐದು ರೂಪಾಯಿ ನಾಣ್ಯ ತೆಗೆದು ಹಾಕಿದರು. ಒಳಗಿನ ಸಲಾಕೆ ಇನ್ನೂ ಸರಿಯಾಗಿಯೇ ಇತ್ತು. ಗೊಂಬೆ ನಾಲ್ಕೈದು ಸಲ ತಲೆಯಾಡಿಸಿ ಥ್ಯಾಂಕ್ಸ್ ಹೇಳಿತು.

"ನಮ್ಮ ಮಕ್ಕಳ ಕಾಗದ," ಅಂದರು ಟೀಚರ್, ನನ್ನ ಕಡೆ ತಿರುಗಿ, ಕನ್ನಡದಲ್ಲಿ. ಮೊಮ್ಮಗಳಿಗೆ ಅರ್ಥವಾಯಿತು. ಅವಳು ಅದನ್ನು ಜರ್ಮನ್‌ಗೆ ಹಾಕದೆ ಬಿಡಲಿಲ್ಲ.

ಹಾಗಾಗಿ ಸಂಜೆಯ ಮೀಟಿಂಗ್ ಬಿಸಿಯಾಗಿಯೇ ಶುರುವಾಯಿತು. ಅವರ ಸಮಿತಿಯಲ್ಲಿ ಏಳು ಜನ, ಹೆಚ್ಚಿನವರು ನಿವೃತ್ತರು. ಮೊದಲ ವಿಷಯ ನಮ್ಮ ಹಾಸ್ಟೆಲ್ ವರದಿ. ಪ್ರತಿ ಮಗುವಿನ ಫೋಟೋ, ಹೆಸರು, ಮನೆಯ ಸ್ಥಿತಿ ಬರೆದು ಕಳಿಸಿ, ದಾನಿಗಳಿಗೆ ಅದು ಬೇಕು ಅಂತ ಅವರ ಬೇಡಿಕೆ. ಟೀಚರ್ ಕೇಳಿದರು: "ನಿಮ್ಮ ಸಭಾಪತ್ರಿಕೆ ನೋಡಿದೆ. ಆದಿತ್ಯವಾರ ಶಾಲೆಯ ಫೋಟೋದಲ್ಲಿ ಮಕ್ಕಳ ಬೆನ್ನು ಮಾತ್ರ ಕಾಣುತ್ತದೆ. ಯಾಕೆ?" ಉತ್ತರ ಎಲ್ಲರಿಗೂ ಗೊತ್ತು. 2018ರಿಂದ ಯುರೋಪಿನಲ್ಲಿ ಖಾಸಗಿ ಮಾಹಿತಿಯ ಕಾನೂನು ಬಿಗಿ, ಸಭೆಗಳಿಗೂ ಅಂಥದ್ದೇ ನಿಯಮ ಇದೆ, ಅಪ್ಪ ಅಮ್ಮ ಸಹಿ ಹಾಕದೆ ಮುಖ ತೋರಿಸುವ ಹಾಗಿಲ್ಲ. "ನಮ್ಮ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರೆ," ಅಂದರು ಟೀಚರ್. ಮೇಜಿನ ತುದಿಯಲ್ಲಿದ್ದ ಒಬ್ಬರು, ಫೋಟೋ ಇಲ್ಲದಿದ್ದರೆ ಕಾಣಿಕೆ ಇಳಿಯುತ್ತದೆ ಅಂತ ನೇರವಾಗಿ ಹೇಳಿದರು. ಅದೂ ಸುಳ್ಳಲ್ಲ. ಮುಖ ಕಂಡರೆ ಕೈ ಜೇಬಿಗೆ ಹೋಗುತ್ತದೆ. ನಾನೂ ಲೆಕ್ಕ ಬರೆಯುವವಳೇ.

ಆಮೇಲೆ ನನ್ನ ಸರದಿ. ದುಡ್ಡು ನೇರವಾಗಿ ನಮ್ಮ ಸಭೆಯ ಖಾತೆಗೆ ಹಾಕಲು ಯಾಕೆ ಬಿಡುವುದಿಲ್ಲ, ಮೊದಲು ಎಷ್ಟು ಸುಲಭ ಇತ್ತು ಅಂತ ಅವರ ದೂರು. ವಿದೇಶಿ ದೇಣಿಗೆ ಕಾನೂನು, ನಾವು ಎಫ್‌ಸಿಆರ್‌ಎ ಅನ್ನುವುದು, 1976ರಿಂದಲೂ ಇದೆ. 2010ರಲ್ಲಿ ಹೊಸದಾಯಿತು. ನೋಂದಣಿಯೋ ಸರ್ಕಾರದ ಮುಂಗಡ ಅನುಮತಿಯೋ ಇಲ್ಲದ ಸಂಸ್ಥೆ ಒಂದು ಯೂರೋ ತೆಗೆದುಕೊಳ್ಳುವಂತಿಲ್ಲ, ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2020ರ ತಿದ್ದುಪಡಿ ಬಂದ ಮೇಲೆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ದೇಶದಲ್ಲಿ ಯಾರೇ ಆಗಲಿ. ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ಮೊದಲು ಶೇಕಡಾ 50ರವರೆಗೆ ಇರಬಹುದಿತ್ತು, ಈಗ 20. ಅವರಿಗೆ ಎಲ್ಲಕ್ಕಿಂತ ವಿಚಿತ್ರ ಅನಿಸಿದ್ದು ಬೇರೆ. ವಿದೇಶಿ ಪ್ರಜೆ ಭಾರತದಲ್ಲೇ ನಿಂತು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಹೋದ ಸಲ ಅವರ ಗುಂಪು ಮಂಗಳೂರಿಗೆ ಬಂದಾಗ ಭಾನುವಾರದ ಕಾಣಿಕೆ ತಟ್ಟೆಗೆ ಐನೂರರ ನೋಟು ಹಾಕಹೊರಟಾಗ, ನಮ್ಮ ಹಿರಿಯರೊಬ್ಬರು ಮೆಲ್ಲಗೆ ಕೈ ಹಿಡಿದದ್ದು ಯಾಕೆ ಅಂತ ಈಗ ಗೊತ್ತಾಯಿತು ಅಂತ ಎಲ್ಲರೂ ನಕ್ಕರು.

ನಗು ಬಂದ ಮೇಲೆ ಮಾತು ಸಡಿಲವಾಯಿತು. ಅವರು ಕೇಳಿದರು: ನಿಮ್ಮ ಸಭೆಯಲ್ಲಿ ಜಾತಿ ಇದೆಯಾ? ನಮ್ಮವರಲ್ಲಿ ಒಂದು ಕ್ಷಣ ಯಾರೂ ಬಾಯಿ ತೆರೆಯಲಿಲ್ಲ. ಬಾಸೆಲ್ ಮಿಷನ್‌ನವರು ಸಭೆಯೊಳಗೆ ಜಾತಿ ಬೇಡ ಅಂತ ಹಟ ಹಿಡಿದವರು. ಕರ್ತನ ಭೋಜನಕ್ಕೆ ಎಲ್ಲರೂ ಒಂದೇ ಸಾಲು. ಆದರೆ ಮದುವೆ ಮಾತು ಬಂದಾಗ ಹಳೇ ಮನೆತನದ ಹೆಸರು ಇನ್ನೂ ಕೇಳುತ್ತಾರೆ, ಅಂತ ಅಯ್ಯನವರೇ ಹೇಳಿದರು. ನಮ್ಮ ಹುಡುಗ ತಿರುಗಿ ಕೇಳಿದ: ಇಲ್ಲಿ ಇಪ್ಪತ್ತರಿಂದ ನಲವತ್ತರ ವಯಸ್ಸಿನವರು ಭಾನುವಾರ ಎಲ್ಲಿರುತ್ತಾರೆ? ಈಗ ಸುಮ್ಮನಾಗುವ ಸರದಿ ಅವರದ್ದು.

ಸಲಿಂಗಿ ಜೋಡಿಗಳಿಗೆ ಆಶೀರ್ವಾದದ ಆರಾಧನೆ ಬಗ್ಗೆಯೂ ಮಾತು ಬಂತು. ಅವರ ಪ್ರಾಂತದಲ್ಲಿ 2019ರಲ್ಲಿ ಆದ ತೀರ್ಮಾನದಂತೆ ಕೆಲವು ಸಭೆಗಳಿಗೆ ಅದರ ಅನುಮತಿ ಇದೆ. ಅಯ್ಯನವರು ಒಪ್ಪಲಿಲ್ಲ, ಸಭಾಪಾಲಕಿ ಬಿಡಲಿಲ್ಲ. ಅದು ಹಾಗೇ ನಿಂತಿತು. ಎಲ್ಲದಕ್ಕೂ ಒಪ್ಪಬೇಕು ಅಂತಿದ್ದರೆ ನಮ್ಮ ಸಭೆಯೊಳಗೇ ಜೊತೆಗಾರಿಕೆ ಸಾಧ್ಯವಿಲ್ಲ, ಹೊರದೇಶದ ಮಾತು ಬಿಡಿ.

ಭಾನುವಾರ: ಏಲಂ

ಆರಾಧನೆಗೆ ದೇವಾಲಯ ತುಂಬಿತ್ತು. ತುಂಬಿದ್ದು ಹಬ್ಬಕ್ಕೆ, ಎಲ್ಲ ಭಾನುವಾರ ಹೀಗಿಲ್ಲ ಅಂತ ಪಕ್ಕದವರು ಮೊದಲೇ ಪಿಸುಗುಟ್ಟಿದರು. ಅಯ್ಯನವರು ಪ್ರಸಂಗ ಮಾಡಿದರು. ಆರ್ಗನ್ನಿನಲ್ಲಿ ಒಂದು ಹಳೇ ರಾಗ ಶುರುವಾದಾಗ ನಮಗೆ ಪುಸ್ತಕ ಬೇಕಾಗಲಿಲ್ಲ. ಅದೇ ರಾಗಕ್ಕೆ ಕನ್ನಡದ ಮಾತು ಕೂಡಿಸಿ ನಮ್ಮ ಅಜ್ಜ ಅಜ್ಜಿಯ ಕಾಲದಿಂದ ಹಾಡುತ್ತಿದ್ದೇವೆ. ಅವರು ನಿಧಾನವಾಗಿ ಹಾಡುತ್ತಾರೆ, ನಾವು ಇನ್ನೂ ನಿಧಾನ. ಕೊನೆಯ ಸಾಲಿಗೆ ನಾವು ಬರುವಷ್ಟರಲ್ಲಿ ಆರ್ಗನ್ ನಮಗಾಗಿ ಕಾದಿತ್ತು.

ಆರಾಧನೆ ಮುಗಿದ ಮೇಲೆ ವೇದಿಯ ಮುಂದಿನ ಕಾಯಿಪಲ್ಯವನ್ನು ಅವರು ಬಡವರಿಗೆ ಆಹಾರ ಹಂಚುವ 'ಟಾಫೆಲ್'ಗೆ ಕಳಿಸುತ್ತಾರೆ. ಪ್ರತಿ ವರ್ಷ ಅಷ್ಟೇ. ಈ ಸಲ ಸ್ತ್ರೀಯರ ಕೂಟದ ಅಕ್ಕ ಬಿಡಲಿಲ್ಲ. "ಬೆಳೆ ಹಬ್ಬ ಅಂದ ಮೇಲೆ ಏಲಂ ಇಲ್ಲದೆ ಹೇಗೆ?" ಅಂತ ಹಿಂದಿನ ದಿನವೇ ಸಭಾಪಾಲಕಿಯ ಒಪ್ಪಿಗೆ ತೆಗೆದುಕೊಂಡಿದ್ದರು.

ಏಲಂ ಹೇಗೆ ನಡೆಯುತ್ತದೆ ಅಂತ ಮೊಮ್ಮಗಳು ವಿವರಿಸಿದಳು. ಅವಳು ನಮ್ಮ ಕಡೆ ಒಂದು ಹಬ್ಬದಲ್ಲಿ ಕೋಳಿ ಹರಾಜಾಗುವುದನ್ನು ಕಣ್ಣಾರೆ ಕಂಡವಳು. ಜರ್ಮನ್ನರಿಗೆ ಮೊದಲು ಅರ್ಥವಾಗಲಿಲ್ಲ. ಅಂಗಡಿಯಲ್ಲಿ ಎರಡು ಯೂರೋಗೆ ಸಿಗುವ ಕುಂಬಳಕಾಯಿಗೆ ಯಾಕೆ ಹತ್ತು ಕೊಡಬೇಕು? ಅಕ್ಕ ಮೈಕ್ ಹಿಡಿದರು. ಕನ್ನಡ, ಇಂಗ್ಲಿಷ್, ಕೈಸನ್ನೆ. "ಒಂದು ಸಾರಿ, ಎರಡು ಸಾರಿ" ಅಂತ ಎಳೆದು, ಮೂರನೇದನ್ನು ಹೇಳದೆ, ಮುಂದಿನ ಬೆಂಚಿನ ರೈತನ ಮುಖವನ್ನೇ ನೋಡುತ್ತಾ ನಿಂತರು. ಆತ ಮುಜುಗರಕ್ಕೇ ಇನ್ನೈದು ಏರಿಸಿದ. ಕುಂಬಳಕಾಯಿ ಮೂವತ್ತಕ್ಕೆ ಹೋಯಿತು. ಆತ ಅದನ್ನು ಹೊತ್ತು ಹೊರಡುವಷ್ಟರಲ್ಲಿ ನಮ್ಮ ಹುಡುಗ ಓಡಿ ಹೋಗಿ, ನಮ್ಮಲ್ಲಿ ಗೆದ್ದವರು ಅದನ್ನು ದೇವಾಲಯಕ್ಕೇ ತಿರುಗಿ ಕೊಡುವುದೂ ಉಂಟು, ಇನ್ನೊಮ್ಮೆ ಏಲಂ ಹಾಕಬಹುದು ಅಂದ. ರೈತ ಬಿದ್ದು ಬಿದ್ದು ನಕ್ಕ. ಕುಂಬಳಕಾಯಿ ವಾಪಸ್ ಬಂತು. ಅದು ಇನ್ನೆರಡು ಸಲ ಮಾರಾಟವಾಯಿತು.

ತೆಂಗಿನಕಾಯಿ ಕೊನೆಗೆ. ಇಬ್ಬರು ಹೆಂಗಸರ ನಡುವೆ ಪೈಪೋಟಿ. ಬೇರೆ ಏನೋ ಹಳೇ ಲೆಕ್ಕವೂ ಅವರ ನಡುವೆ ಇತ್ತು ಅಂತ ಕಾಣುತ್ತದೆ, ಏಕೆಂದರೆ ಊರವರು ಕಾಯಿಗಿಂತ ಅವರನ್ನೇ ನೋಡುತ್ತಿದ್ದರು. ನೂರ ನಲವತ್ತು ಯೂರೋಗೆ ನಿಂತಿತು. ಒಟ್ಟು ಸಾವಿರ ದಾಟಿತು.

ಅವರ ಖಜಾಂಚಿ, ನಿವೃತ್ತ ತೆರಿಗೆ ಅಧಿಕಾರಿ, ಬೋರ್ಡಿನ ಮೇಲೆ ಮೊತ್ತ ಬರೆದು, ಪಕ್ಕದಲ್ಲಿ 'ಮಂಗಳೂರು ಹಾಸ್ಟೆಲ್' ಅಂತ ಬರೆದರು. ಯಾರೂ ಕೇಳದೆ, ಕೈ ತಾನಾಗಿ ಬರೆದ ಹಾಗೆ. ನಾನು ಎದ್ದು ಹೋಗಿ, ಇದು ನಿಮ್ಮ ಬಾಯ್ಲರಿಗೆ ಅಂದೆ. ನಮ್ಮ ಸಭೆಯ ಖಾತೆಯಿಂದ ಹೊರದೇಶಕ್ಕೆ ದುಡ್ಡು ಕಳಿಸುವುದು ಸುಲಭದ ಮಾತಲ್ಲ. ಆದರೆ ಇಲ್ಲೇ ಎದ್ದ ದುಡ್ಡು ಇಲ್ಲೇ ಉಳಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆತ ಒಪ್ಪಲಿಲ್ಲ. ಸಭೆಯ ಅತಿಥಿಗಳು ದುಡಿದ ಹಣವನ್ನು ನಾವು ಹೇಗೆ ಇಟ್ಟುಕೊಳ್ಳುವುದು, ಲೆಕ್ಕಪತ್ರದಲ್ಲಿ ಯಾವ ಸಾಲಿಗೆ ಬರೆಯುವುದು ಅಂತ ವಾದ. ನಿಜಕ್ಕೂ ಅವರ ಫಾರಮ್ಮಿನಲ್ಲಿ ಜೊತೆ ಸಭೆಗೆ ಕೊಟ್ಟದ್ದಕ್ಕೆ ಸಾಲು ಇದೆ, ಜೊತೆ ಸಭೆಯಿಂದ ಬಂದದ್ದಕ್ಕೆ ಇಲ್ಲ. ಕೊನೆಗೆ ಅರ್ಧ ಟಾಫೆಲ್‌ಗೆ, ಅರ್ಧ ಬಾಯ್ಲರಿಗೆ ಅಂತ ಆಯಿತು. ಹೊಸ ಸಾಲನ್ನು ಅವರು ಪೆನ್ಸಿಲ್‌ನಲ್ಲಿ ಬರೆದರು. ಅಜ್ಜಿ ಮಾತ್ರ ಹಿಂದಿನ ಬೆಂಚಿನಿಂದ ಏನೋ ಹೇಳಿದರು, ಎಲ್ಲರೂ ನಕ್ಕರು. ಏನಂದರು ಅಂತ ಮೊಮ್ಮಗಳನ್ನು ಕೇಳಿದೆ. "ಈ ಸಲ ಕಾಗದ ಯಾರು ಬರೆಯುತ್ತೀರಿ ಅಂತ."

ಸೋಮವಾರ: ಕಾಲ್ವ್ ದಾರಿಯಾಗಿ

ಬಾಸೆಲ್‌ಗೆ ಹೊರಟವರು ನೇರ ಹೋಗದೆ ಸ್ವಲ್ಪ ಸುತ್ತು ಹಾಕಿ ಕಾಲ್ವ್‌ನಲ್ಲಿ ಇಳಿದೆವು. ಮಲಯಾಳದ ನಿಘಂಟು ಮಾಡಿದ ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್ ಭಾರತದಿಂದ ವಾಪಸ್ ಬಂದ ಮೇಲೆ ಇದ್ದು, 1893ರಲ್ಲಿ ತೀರಿಕೊಂಡದ್ದು ಇಲ್ಲಿ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ, ಹುಟ್ಟಿದ್ದು ಈ ಊರಲ್ಲಿ. ನಾಗೋಲ್ಡ್ ಹೊಳೆಯ ಹಳೇ ಸೇತುವೆ ಮೇಲೆ ಹೆಸ್ಸೆಯ ಕಂಚಿನ ಪ್ರತಿಮೆ ಇದೆ. ಎಲ್ಲರೂ ಫೋಟೋ ತೆಗೆಸಿಕೊಂಡರು. ಮಳೆ ಬಂತು, ಹೊರಟೆವು.

ಮಂಗಳವಾರ: ಬಾಸೆಲ್

ಮಿಷನ್ ಮನೆ ಇರುವ ರಸ್ತೆಯ ಹೆಸರೇ ಮಿಸಿಯೋನ್‌ಸ್ಟ್ರಾಸೆ, ಮನೆ ನಂಬರ್ 21. ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ. ಬೇರೆ ಮಿಷನ್‌ಗಳೂ ಸೇರಿ 2001ರಲ್ಲಿ ಒಂದೇ ಸಂಸ್ಥೆಯಾದಾಗ ಮನೆ ನಂಬರನ್ನೇ ಹಿಡಿದು 'ಮಿಷನ್ 21' ಅಂತ ಹೆಸರಿಟ್ಟುಕೊಂಡರು. ಇಪ್ಪತ್ತೊಂದನೇ ಶತಮಾನಕ್ಕೂ ಹೊಂದಿತು.

ನನಗೆ ನೋಡಬೇಕಾದದ್ದು ದಾಖಲೆ ಕೋಣೆ. ನಮ್ಮ ಬಲ್ಮಠ, ಜೆಪ್ಪು ಕಟ್ಟಲು ದುಡ್ಡು ಎಲ್ಲಿಂದ ಬಂತು ಅಂತ ಬಹಳ ದಿನದಿಂದ ಕುತೂಹಲ. ಶ್ರೀಮಂತ ರೇಷ್ಮೆ ವ್ಯಾಪಾರಿಗಳು ಕೊಟ್ಟರು, ಅದು ಸರಿ. ಆದರೆ ಹತ್ತೊಂಬತ್ತನೇ ಶತಮಾನದ ನಡುವೆ 'ಅರ್ಧ ಬಾಟ್ಸೆನ್ ಕಾಣಿಕೆ' ಅಂತ ಒಂದು ಏರ್ಪಾಡು ಮಾಡಿದ್ದರು. ಬಾಟ್ಸೆನ್ ಅಂದರೆ ಅಲ್ಲಿಯ ಹಳೇ ಚಿಲ್ಲರೆ ನಾಣ್ಯ. ವಾರಕ್ಕೆ ಐದು ರಾಪೆನ್, ಅಂದರೆ ಐದು ಸ್ವಿಸ್ ಪೈಸೆ. ಬಡವರೂ ಕೊಡಬಹುದಾದಷ್ಟು. ಊರೂರಲ್ಲಿ ಮನೆಮನೆಗೆ ಹೋಗಿ ಒಟ್ಟು ಮಾಡುತ್ತಿದ್ದರು. ನಮ್ಮ ಸ್ತ್ರೀಯರ ಕೂಟದವರು ದಿನಾ ಅಕ್ಕಿ ಬೇಯಿಸುವ ಮುಂಚೆ ತೆಗೆದಿಡುವ ಹಿಡಿ ಅಕ್ಕಿಯಂಥದ್ದೇ ಇದು.

ಹಳೇ ಫೋಟೋಗಳನ್ನು ತೋರಿಸಿದರು. ಹೆಂಚಿನ ಕಾರ್ಖಾನೆಯ ಒಂದು ಗುಂಪು ಚಿತ್ರ. ಬಿಳಿಯರು ಕುರ್ಚಿಯಲ್ಲಿ, ಕೆಲಸಗಾರರು ಹಿಂದೆ ಸಾಲಾಗಿ. ಅಡಿಯಲ್ಲಿ ಕುರ್ಚಿಯಲ್ಲಿದ್ದವರ ಹೆಸರು ಇತ್ತು, ಹಿಂದಿದ್ದವರದ್ದು ಇರಲಿಲ್ಲ. ನನ್ನ ಅಜ್ಜನ ಅಪ್ಪ ಜೆಪ್ಪುವಿನಲ್ಲಿ ದುಡಿದವರು. ಒಂದೊಂದೇ ಮುಖ ನೋಡಿದೆ. ಅಲ್ಲಿಯ ಸಿಬ್ಬಂದಿ ಒಳ್ಳೆಯವರು, ಹೆಸರು ಗೊತ್ತಿರುವವರು ಊರಲ್ಲಿ ಯಾರಾದರೂ ಇದ್ದರೆ ಬರೆದು ಕಳಿಸಿ, ಸೇರಿಸುತ್ತೇವೆ ಅಂದರು. ಹಳೇ ಮನೆಗಳಲ್ಲಿ ಕೇಳಿದರೆ ಕೆಲವರಾದರೂ ಸಿಗಬಹುದು. ಇದು ನಿಜಕ್ಕೂ ಎರಡೂ ಕಡೆ ಕೂತು ಮಾಡಬಹುದಾದ ಕೆಲಸ, ಒಂದು ರೂಪಾಯಿಯೂ ಅತ್ತಿತ್ತ ಹೋಗಬೇಕಿಲ್ಲ.

ಮೊದಲ ಮಹಾಯುದ್ಧದ ಕಡತಗಳೂ ಇದ್ದವು. ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿಟ್ಟಿತು, ಆಮೇಲೆ ಊರಿಗೆ ಅಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಬಾಸೆಲ್‌ನ ದುಡ್ಡು ನಿಂತಿತು, ಮಿಷನರಿಗಳಿಲ್ಲ. ನಮ್ಮ ಸಭೆಗಳು ಮುಚ್ಚಲಿಲ್ಲ. ನಮ್ಮವರೇ ನಡೆಸಿಕೊಂಡು ಹೋದರು. ನಮ್ಮ ಸಭೆಗಳ ಇತಿಹಾಸ ಹೇಳುವಾಗ 1834ಕ್ಕೆ ಕೊಡುವ ಜಾಗ ಈ ವರ್ಷಗಳಿಗೆ ಕೊಡುವುದಿಲ್ಲ. ನನ್ನ ಕೇಳಿದರೆ ಇದಕ್ಕೇ ಜಾಸ್ತಿ ಕೊಡಬೇಕು.

ಬುಧವಾರ: ಒಪ್ಪಂದ

ವಾಪಸ್ ಹಳ್ಳಿಗೆ. ಬ್ಯಾಗ್ ಕಟ್ಟುವ ಮುಂಚೆ ಮುಂದಿನ ಮೂರು ವರ್ಷದ ಒಪ್ಪಂದ ಬರೆಯಲು ಕೂತೆವು. ಹಾಸ್ಟೆಲ್ ಹಣ ಸಭಾಪ್ರಾಂತದ ನೋಂದಾಯಿತ ಖಾತೆಯ ಮೂಲಕವೇ ಬರುತ್ತದೆ. ಮಕ್ಕಳ ಥ್ಯಾಂಕ್ಸ್ ಕಾಗದ ಈ ವರ್ಷದಿಂದ ಇಲ್ಲ. ಫೋಟೋಗೆ ಎರಡೂ ಕಡೆ ಒಂದೇ ನಿಯಮ, ಮನೆಯವರ ಸಹಿ. ನಮ್ಮ ಲೆಕ್ಕ ಅವರಿಗೆ, ಅವರ ಲೆಕ್ಕ ನಮಗೆ. ಈ ಕೊನೆಯದಕ್ಕೆ ಅವರ ಸಮಿತಿಯಲ್ಲಿ ಇಬ್ಬರು ಕೈ ಎತ್ತಲಿಲ್ಲ. ಫೋಟೋ ಬೇಕು ಅಂದಿದ್ದವರು, ಕಾಣಿಕೆ ಇಳಿದರೆ ನನ್ನನ್ನು ಕೇಳಬೇಡಿ ಅಂತ ಮಿನಿಟ್ಸ್‌ನಲ್ಲಿ ಬರೆಸಿದರು. ಇಳಿಯಲೂಬಹುದು. ಒಂದು ವರ್ಷ ನೋಡೋಣ ಅಂತ ಅಯ್ಯನವರು. ವೀಸಾ ಸಿಗದ ಹುಡುಗಿಯರ ಹೆಸರಲ್ಲಿ ಮುಂದಿನ ಸಲ ಮತ್ತೆ ಅರ್ಜಿ ಹಾಕುವುದು, ಅವರ ಬದಲಿಗೆ ಬೇರೆ ಯಾರನ್ನೂ ಹಾಕದೇ ಇರುವುದು ಅಂತಲೂ ಬರೆದೆವು. ಅದು ಟೀಚರ್ ಹಟ.

ನಮ್ಮ ಬೆಳೆ ಹಬ್ಬಕ್ಕೆ ಅವರ ಕಡೆಯಿಂದ ಐದು ಜನ ಬರುತ್ತಾರೆ. ತೆಂಗಿನಕಾಯಿಯಲ್ಲಿ ಸೋತ ಹೆಂಗಸೂ ಬರುತ್ತಾರಂತೆ, ಮಂಗಳೂರಿನ ಏಲಂನಲ್ಲಿ ಬಿಡುವುದಿಲ್ಲ ಅಂತ ಈಗಲೇ ಹೇಳಿದ್ದಾರೆ. ಎಲ್ಲರಿಗೂ ಖುಷಿ. ನನಗೆ ಮಾತ್ರ ಚಿಂತೆ. ಅವರು ಕೂಗಿ ಗೆದ್ದ ಕಾಯಿಯ ದುಡ್ಡು ಮಾರಾಟದ ಬಾಬತ್ತೋ, ವಿದೇಶಿ ದೇಣಿಗೆಯೋ? ಊರಿಗೆ ಹೋದ ತಕ್ಷಣ ಆಡಿಟರನ್ನು ಕೇಳಬೇಕು.